ಜನಿವಾರಕ್ಕೆ ಕಟ್ಟಿದ ಕೀಲಿ

ನೀರಿಗೆ ಬೀಗ ಹಾಕಿಸಿದ್ದು ಯಾರೆಂದು ನನಗೆ ಗೊತ್ತಿತ್ತು. ಕೇಳಿದವರಿಗೆ ಗೊತ್ತಿಲ್ಲ ಎಂದೆ.

ಮೊನ್ನೆ ದೇವರ ತಂಬಿಗೆಗೆ ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದಾಗ ಇವರ ಫೋನು ಬಂತು. “ಆ ಕೆರೆ ಹತ್ರ ಸಿಕ್ಕಿದ್ರಲ್ಲ, ನಮ್ಮ ಸಯೀದನ ಅಜ್ಜ — ತೀರಿಹೋದ್ರಂತೆ ಮಾರಾಯ್ತಿ.”

ಸಯೀದ್ ಇವರ ಕಂಪೆನಿಯ ಮ್ಯಾನೇಜರು, ನಾವಿರುವ ಈ ಅರಬರ ದೇಶದವನೇ. ಕಳೆದ ಚಳಿಗಾಲದಲ್ಲಿ ತನ್ನ ಊರು ತೋರಿಸುತ್ತೇನೆಂದು ನಮ್ಮನ್ನು ಅಬುಧಾಬಿಯ ಆಚೆ, ಮರಳುದಿಬ್ಬಗಳ ನಡುವೆ ಕರೆದೊಯ್ದಿದ್ದ. ಅಲ್ಲೊಂದು ಕೆರೆ. ಈಚೆಗೆ ಸರ್ಕಾರದವರು ತುಂಬಿಸಿದ್ದಂತೆ; ಹಕ್ಕಿಗಳಿಗೆ ಅದೆಲ್ಲ ಯಾಕೆ, ಬಂದು ಕೂತಿದ್ದವು. ನಗರದ ಇಕ್ಕಟ್ಟಿನಲ್ಲಿ, ಸತ್ವಾ ಬಡಾವಣೆಯ ನಮ್ಮ ಕೋಣೆಯ ಕಿಟಕಿ ತೆರೆದರೆ ಕಾಣುವುದು ಎದುರುಮನೆಯ ಗೋಡೆ. ಅಷ್ಟು ನೀರನ್ನು ಒಟ್ಟಿಗೆ ನೋಡಿದ್ದೇ ದೇವರ ದಯೆ ಅನ್ನಿಸಿತು.

ದಡದಲ್ಲೊಂದು ಹೂತುಹೋದ ಬಾವಿ. ಅದನ್ನು ತೋಡಿದ್ದು ತಮ್ಮ ಹಿರಿಯರು ಎಂದು ಸಯೀದನ ಅಜ್ಜ ಮುರುಕು ಹಿಂದಿಯಲ್ಲಿ ಹೇಳಿದರು. ಎಣ್ಣೆ ಹುಡುಕುತ್ತ ಬಂದ ಇಂಗ್ಲಿಷರು ಅಲ್ಲೇ ಕ್ಯಾಂಪು ಹಾಕಿ, ಪಂಪು ಕೂರಿಸಿ, ಟ್ಯಾಂಕು ಕಟ್ಟಿದರು. ಒಂದು ದಿನ ನಲ್ಲಿಗೆ ಬೀಗ ಬಿತ್ತು. ನೀರಿಗೆಂದು ಆಡಿನ ಚರ್ಮದ ಚೀಲ ಹೊತ್ತು ಬಂದ ಈ ಅಜ್ಜನ ತಾಯಿ ಬರಿ ಚೀಲದೊಂದಿಗೆ ಮರಳಿದಳು — ದಾರಿಯುದ್ದ ಮಗನ ಕೈ ಬಿಡಲಿಲ್ಲ.

“ಕ್ಯಾಂಪಿನಲ್ಲಿ ನಿಮ್ಮ ಕಡೆಯ ಅಡಿಗೆಯವನೊಬ್ಬ ಇದ್ದ. ಜುಟ್ಟು, ಕಿವಿಯಲ್ಲಿ ಕೆಂಪು ಕಲ್ಲು. ಒಳ್ಳೆಯವ, ನನಗೆ ಬೆಲ್ಲ ಕೊಡ್ತಿದ್ದ. ನೀರು ಬೇಕಾದಷ್ಟಿತ್ತು ಮಗಳೇ. ಇಂಗ್ಲೀಜ್ ಯಾಕೆ ಬೀಗ ಹಾಕಿದ?”

ಕಿವಿಯ ಕೆಂಪು ಕಲ್ಲು, ನಲ್ಲಿಯ ಬೀಗ — ಆ ಅಡಿಗೆಯವರು ನನ್ನ ಅಜ್ಜಯ್ಯನೇ. ಕುಂದಾಪುರದ ನಮ್ಮ ಮನೆಯಲ್ಲಿ ಇದು ಹೆಮ್ಮೆಯ ಕತೆ — ಮರಳುಗಾಡಿನಲ್ಲೂ ಮಡಿ ಬಿಡದವರು! ಚರ್ಮದ ಚೀಲ ತಾಗಿದ ನೀರು ದೇವರಿಗೆ ಆಗುವುದಿಲ್ಲವೆಂದು, ದೊರೆಗೆ ಕಾಯಿಲೆಯ ಹೆದರಿಕೆ ಹುಟ್ಟಿಸಿ ಬೀಗ ತರಿಸಿದ್ದರು. ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಆ ಕತೆ ಹೇಳಿದಾಗಲೆಲ್ಲ ನಾವು ನಗುತ್ತಿದ್ದೆವು. ಬರಿ ಚೀಲ ಹೊತ್ತು ಹೋದ ಹೆಂಗಸು ಆ ಕತೆಯಲ್ಲಿ ಇರಲೇ ಇಲ್ಲ.

ಇನ್ನೊಬ್ಬರ ಬಾವಿಯನ್ನು ದೊರೆಗಳು ತಮ್ಮದು ಮಾಡಿಕೊಂಡದ್ದು ನಿಜ. ಕಸಿದ ನೀರಿಗೂ ಮಡಿ ಉಡಿಸಿದವರು ನಾವು.

“ಗೊತ್ತಿಲ್ಲ ಬಾಬಾ,” ಎಂದೆ. “ಅವರು ದೊರೆಗಳಲ್ಲವಾ.”

ಅವರು ತಲೆಯಾಡಿಸಿ, ಫ್ಲಾಸ್ಕಿನಿಂದ ನೀರು ಬಗ್ಗಿಸಿ ಲೋಟ ನನ್ನ ಕಡೆ ಚಾಚಿದರು. ಉಪವಾಸ ಎಂದೆ.

“ನಿನ್ನ ದೇವರು ನೀರೂ ಬೇಡ ಅಂತಾನಾ? ಹಾಗಾದ್ರೆ ರಂಜಾನಿಗೆ ಬಾ, ನಮ್ಮನ್ನೆಲ್ಲ ಸೋಲಿಸ್ತೀ,” ಎಂದು ನಕ್ಕರು.

ಅವತ್ತು ಉಪವಾಸವೂ ಇರಲಿಲ್ಲ. ಅವರು ಬಾಯಿಟ್ಟ ಲೋಟ ಅದು — ಅಷ್ಟೇ.

ದಿನಾ ದೀಪ ಹಚ್ಚುವಾಗ ನೆನಪಾಗುತ್ತಿತ್ತು. ಮುಂದಿನ ಚಳಿಗಾಲಕ್ಕೆ ಹೋದಾಗ ಹೇಳಿದರಾಯಿತು ಅಂದುಕೊಂಡೆ... ಅವರು ಇಂಗ್ಲಿಷರನ್ನೇ ದೂರುತ್ತ ಹೋದರು, ಅಜ್ಜಯ್ಯನ ಬೆಲ್ಲವನ್ನು ನೆನೆಯುತ್ತ.

ಸಯೀದನ ಮನೆಗೆ ಶುಕ್ರವಾರ ಮಾತಾಡಿಸಲು ಹೋಗುತ್ತೇವೆ. ಅವನ ಎದುರು ಕೂತು ಎಲ್ಲ ಹೇಳುತ್ತೇನೆ, ಕೀಲಿಯ ವಿಷಯವನ್ನೂ. ನೀರು ಕೊಟ್ಟರೆ ಕುಡಿಯುತ್ತೇನೆ. ಕೊಡದಿದ್ದರೆ ಅದು ಅವನಿಷ್ಟ.

ತಂಬಿಗೆ ತೊಳೆದು ಬೋರಲಿಟ್ಟೆ. ಸಿಂಕಿನ ಕೆಳಗೆ ಒಂದು ಲೋಟ ಬೇರೆಯೇ ಇರುತ್ತದೆ — ನಮಗೆ ಕುಡಿಯುವ ನೀರಿನ ಕ್ಯಾನ್ ಹೊತ್ತು ತರುವವನಿಗೆಂದು ನಾನೇ ಇಟ್ಟದ್ದು. ಅದನ್ನು ಹೊರಗೆ ತೆಗೆದು, ನಮ್ಮ ಲೋಟಗಳ ಜೊತೆ ಹಾಕಿ ತಿಕ್ಕತೊಡಗಿದೆ.