ಶಾರದೆಯ ಮನೆಯ ಬೀಗದ ಕೈ

ಶಾರದಾ, ನಿನ್ನ ಮನೆ ಮೂರು ವರ್ಷ ಮಾರಾಟವಾಗದೆ ಉಳಿಯಿತಲ್ಲ — ಅದಕ್ಕೆ ಗ್ರಹಚಾರ ಕಾರಣವಲ್ಲ, ವಾಸ್ತುವೂ ಅಲ್ಲ. ನಾನು ಕಾರಣ. ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿತ್ತು. ಬಂದವರನ್ನು ನಾನೇ ಓಡಿಸಿದೆ.

ಬರೆದುಬಿಟ್ಟೆ. ಇನ್ನು ಏಕೆ ಹಾಗೆ ಮಾಡಿದೆ ಎಂದು ಬರೆಯಬೇಕು. ಅಲ್ಲಿಗೆ ಬಂದರೆ ನನ್ನ ತಲೆ ಕೆಡುತ್ತದೆ. ಒಂದು ದಿನ ಒಂದು ಕಾರಣ ನಿಜ ಅನ್ನಿಸುತ್ತದೆ, ಮಾರನೆಯ ದಿನ ಇನ್ನೊಂದು.

ನಿನ್ನ ಯಜಮಾನರು ತೀರಿಕೊಂಡ ವರ್ಷ ನೀನು ರಾಮನಗರ ಬಿಟ್ಟು ಕನಕಪುರದ ಅಣ್ಣನ ಮನೆಗೆ ಹೊರಟೆ. ಬೆಳಿಗ್ಗೆ ಜಗಲಿಯ ಮೇಲೆ ನಿಂತು ಬೀಗದ ಕೈಯನ್ನು ನನ್ನ ಅಂಗೈಗೆ ಒತ್ತಿದೆ. "ಯಾರಾದ್ರೂ ನೋಡಕ್ಕೆ ಬಂದ್ರೆ ಒಸಿ ತೆಗ್ದು ತೋರ್ಸು ಕಣೆ ಜಯ. ಇದು ಮಾರಿ ಹೋದ್ರೆ ಅಲ್ಲೇ ಎರಡು ರೂಮಿಂದು ತಗೊಂಬುಡ್ತೀನಿ. ಇನ್ನೊಬ್ರ ಮನೇಲಿ ಎಷ್ಟು ದಿನ ಅಂತ ಇರದು?" ಅಂದೆ. ನೀನು ಕೇಳಿದ್ದು ಅಷ್ಟೇ.

ಆಗ ಮೈಸೂರು ರಸ್ತೆಯುದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದವು. ಎಲ್ಲೆಲ್ಲಿಂದಲೋ ಬಂದವರು ಪೇಟೆಯಲ್ಲಿ ಮನೆ ಹುಡುಕಿಕೊಂಡು ತಿರುಗುತ್ತಿದ್ದರು. ನಿನ್ನ ಮನೆಯಂಥದ್ದು ಇನ್ನೆಲ್ಲಿತ್ತು? ನಿನ್ನ ಗಂಡನ ತಾತ ಕಟ್ಟಿಸಿದ್ದು, ನಡುವೆ ತೊಟ್ಟಿ, ಸುತ್ತ ಕಲ್ಲಿನ ಕಂಬ, ಬೀದಿಗೆ ಮರದ ಕಿಟಕಿ. ಪೇಟೆಯ ಮನೆಗಳೆಲ್ಲ ಅಂಟಿಕೊಂಡೇ ಇರುವುದರಿಂದ ನಿಮ್ಮ ಗೋಡೆಯೇ ನಮ್ಮ ಗೋಡೆ. ಆಚೆ ನಿಮ್ಮ ನಿಶ್ಶಬ್ದ, ಈಚೆ ನಮ್ಮ ರೇಷ್ಮೆ ಗೂಡು ಬೇಯಿಸುವ ಒಲೆ, ನೂಲು ತೆಗೆಯುವ ಯಂತ್ರದ ಕಟಕಟ.

ಮೊದಲ ತಿಂಗಳು ನಾನು ನೆಟ್ಟಗೇ ಇದ್ದೆ. ದಿನಾ ಮಧ್ಯಾಹ್ನ ಬಂದು ಕಸ ಗುಡಿಸಿ ಕಿಟಕಿ ತೆಗೆದು ಹೋಗುತ್ತಿದ್ದೆ. ಒಂದು ದಿನ ತೊಟ್ಟಿಯ ಪಕ್ಕದ ಕೋಣೆಯಲ್ಲಿ ಸುಮ್ಮನೆ ಕೂತೆ. ಬಾಗಿಲು ಮುಂದೆ ಮಾಡಿದೆ — ಅಷ್ಟೇ ಶಾರದಾ, ಇನ್ನೇನೂ ಇಲ್ಲ. ಕೂಟಗಲ್ಲಿನಿಂದ ಮದುವೆಯಾಗಿ ಬಂದ ಮೇಲೆ ನಾನು ಬಾಗಿಲು ಹಾಕಿಕೊಂಡು ಒಬ್ಬಳೇ ಕೂತಿದ್ದು ಅದೇ ಮೊದಲು. ಅತ್ತೆ, ಮೈದುನರು, ಓರಗಿತ್ತಿಯರು, ಮಕ್ಕಳು, ಕೆಲಸದವರು... ನಮ್ಮ ಮನೆಯಲ್ಲಿ ನನ್ನ ಹೆಸರು ಕೂಗದ ಗಳಿಗೆಯೇ ಇರಲಿಲ್ಲ. ಮಾರನೆಯ ದಿನ ಚಾಪೆ ತಂದೆ. ಆಮೇಲೆ ಒಂದು ಚೊಂಬು ನೀರು, ನನ್ನ ಮದುವೆಯ ಹೊಸದರಲ್ಲಿ ನೀನೇ ನೀಲಿ ಹೂವಿನ ಕಸೂತಿ ಹಾಕಿಕೊಟ್ಟಿದ್ದ ಗೌಸಿನ ದಿಂಬು. ಅತ್ತೆಗೆ, ಶಾರದನ ಮನೆ ಗುಡಿಸಬೇಕು ಅನ್ನುತ್ತಿದ್ದೆ. ಹಾಳಾದ್ದು, ಅಷ್ಟು ಹೊತ್ತು ಗುಡಿಸಲು ಅಲ್ಲಿ ಕಸವಾದರೂ ಎಲ್ಲಿತ್ತು!

ಆಮೇಲೆ ಆ ಗಂಡ ಹೆಂಡತಿ ಬಂದರು. ಆತ ಯಾವುದೋ ಫ್ಯಾಕ್ಟರಿಯಲ್ಲಿ ಆಫೀಸರು, ಆಕೆ ಬಸುರಿ. ಆಕೆಗೆ ಮನೆ ಎಷ್ಟು ಹಿಡಿಸಿತೆಂದರೆ, ನನ್ನ ಕೋಣೆಯಲ್ಲಿ — ನೋಡು, ನನ್ನ ಕೋಣೆ ಎಂದೇ ಬರೆದೆ — ತೊಟ್ಟಿಲು ಕಟ್ಟಲು ತೊಲೆ ಗಟ್ಟಿಯಿದೆಯಾ ಎಂದು ತಲೆಯೆತ್ತಿ ನೋಡಿದಳು. ನಾಳೆ ಹಿರಿಯರನ್ನು ಕರೆದುಕೊಂಡು ಬಂದು ಮಾತು ಮುಗಿಸುತ್ತೇವೆ ಎಂದು ಹೋದರು.

ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳುವನ್ನು ನಾವು ದಿನಾ ಸಂಜೆ ಗಾಡಿಯವನಿಗೆ ಹಾಕುತ್ತಿದ್ದೆವು. ಅವತ್ತು ಎರಡು ಬುಟ್ಟಿ ಹಿಡಿದಿಟ್ಟೆ. ಬೆಳಿಗ್ಗೆ ಅವನ್ನು ಹೊತ್ತು ತಂದು ನಿನ್ನ ಹಿತ್ತಲ ಕಿಟಕಿಯ ಕೆಳಗೆ ಸುರಿದೆ. ಎರಡನೆಯ ದಿನಕ್ಕೆ ಅದು ಹೇಗೆ ನಾರುತ್ತದೆಂದು ನಿನಗೆ ಹೇಳಬೇಕಿಲ್ಲ. ಆಕೆ ಜಗಲಿ ಹತ್ತಿದವಳು ಮೂಗಿಗೆ ಸೆರಗು ಹಿಡಿದು ಹಾಗೇ ಇಳಿದಳು. ಬೀದಿಯ ಮೋರಿಯ ಹತ್ತಿರ ವಾಂತಿ ಮಾಡಿಕೊಂಡಳು. ನಾನೇ ನೀರು ಕೊಟ್ಟೆ. "ನಮ್ ಬೀದೀಲಿ ರೇಷ್ಮೆ ಕೆಲಸ ಕಣವ್ವ, ವಾಸ್ನೆ ಇದ್ದುದ್ದೆ" ಅಂದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ, ಅದೇ ನನಗೆ ಭಯ.

ಆಮೇಲೆ ಬಂದವರಿಗೂ ಅದೇ ಬುಟ್ಟಿ. ನೀನು ಫೋನ್ ಮಾಡಿ ಯಾರಾದರೂ ಬಂದಿದ್ದರಾ ಎಂದು ಕೇಳುತ್ತಿದ್ದೆ. ಬಂದಿದ್ದರು, ಒಪ್ಪಲಿಲ್ಲ ಅನ್ನುತ್ತಿದ್ದೆ ನಾನು. ನನ್ನ ಹಣೆಬರಹ ಬಿಡು ಎಂದು ನೀನೇ ನನಗೆ ಸಮಾಧಾನ ಹೇಳಿ ಫೋನ್ ಇಡುತ್ತಿದ್ದೆ. ನಾನು ಅಳುತ್ತಿದ್ದೆ, ನಿಜವಾಗಿ ಅಳುತ್ತಿದ್ದೆ. ಮಧ್ಯಾಹ್ನವಾದರೆ ಹೋಗಿ ಮಲಗುತ್ತಿದ್ದೆ. ಇದೆಂಥ ಹೆಂಗಸು ನಾನು?

ಮನೆ ಮಾರಿದರೆ ನೀನು ಈ ಬೀದಿಗೆ ಇನ್ನು ಬರುವುದೇ ಇಲ್ಲ ಎಂಬ ಸಂಕಟವೂ ಇತ್ತು. ಇತ್ತೋ, ಅಥವಾ ಆಮೇಲೆ ನಾನೇ ಕಟ್ಟಿಕೊಂಡೆನೋ... ಗೊತ್ತಿಲ್ಲ. ಎಷ್ಟು ಕೆದಕಿದರೂ ಕೊನೆಗೆ ಸಿಗುವುದು ಆ ಚಾಪೆಯೇ.

ಮೂರನೆಯ ವರ್ಷ ಗೋಡೌನಿಗೆ ಜಾಗ ಬೇಕೆಂದು ಒಬ್ಬ ಬಂದ. ಒಳಗೆ ಕಾಲೇ ಇಡಲಿಲ್ಲ, ಬೀದಿಯಲ್ಲೇ ನಿಂತು ಅಗಲ ನೋಡಿದ. ಹೇಗೂ ಕೆಡವುವವನಿಗೆ ವಾಸನೆ ಏನು ಮಾಡೀತು? ಸಿಕ್ಕಷ್ಟಕ್ಕೆ ನೀನು ಒಪ್ಪಿದೆ. ನಿನ್ನ ಎರಡು ಕೋಣೆಯ ಆಸೆ ಒಂದು ಕೋಣೆಗೆ ಇಳಿಯಿತು.

ಕೊನೆಯ ಸಲ ಮನೆ ನೋಡಲು ನೀನು ಹೇಳದೆ ಕೇಳದೆ ಬಂದೆ. ಚಾಪೆ ಹಾಸಿದ ಹಾಗೇ ಇತ್ತು. ನೀನು ಕೋಣೆಯ ಬಾಗಿಲಲ್ಲಿ ನಿಂತೆ, ನಾನು ನಿನ್ನ ಬೆನ್ನ ಹಿಂದೆ. ನೀನು ಬಗ್ಗಿ ದಿಂಬನ್ನು ಎತ್ತಿಕೊಂಡು ಕೈಯಾಡಿಸಿದೆ.

"ಯಾರೋ ಇಲ್ಲಿ ನೆಮ್ದಿಯಾಗಿ ಮಲ್ಗವ್ರೆ ಕಣೆ ಜಯ. ಇರ್ಲಿ ಬುಡು. ನಂಗಂತೂ ಮೂರು ವರ್ಷ ಅಣ್ಣನ ಅಡಿಗೆಮನೆ ಹೊಸ್ಲಲ್ಲೇ ಆಗೋಯ್ತು. ಹಗಲೊತ್ತು ಒಸಿ ಬೆನ್ನು ಚಾಚಕ್ಕೂ ಜಾಗ ಇರ್ನಿಲ್ಲ."

ಆಮೇಲೆ ನೀನೇ ಚಾಪೆ ಸುತ್ತಿದೆ, ಅದರ ಮೇಲೆ ದಿಂಬು ಇಟ್ಟೆ, ನನ್ನ ಕೈಗೆ ಕೊಟ್ಟೆ. ಅಲ್ಲೇ ಗೋಡೆಗೆ ಒರಗಿಸಬಹುದಿತ್ತು. ನನ್ನ ಕೈಗೇ ಯಾಕೆ ಕೊಟ್ಟೆ? ನೀನೇ ಹಾಕಿದ ಹೂವಿನ ಗುರುತು ಹತ್ತಿತೋ, ಇಲ್ಲ ಪಕ್ಕದವಳು ನಾನೊಬ್ಬಳೇ ಇದ್ದೆ ಎಂದೋ? ಆಗಲೇ ನಾನು ಹೇಳಬೇಕಿತ್ತು. ಕಾಫಿ ಕಾಯಿಸಲಾ ಎಂದು ಕೇಳಿದೆ.

ಈಗ ಅಲ್ಲಿ ತಗಡಿನ ಶಟರ್ ಇದೆ. ನಮ್ಮ ಒಲೆಗಳೂ ಆರಿದವು, ಮನೆ ಖಾಲಿಯಾಯಿತು. ಈಗ ನನಗೆ ಬೇಕಾದಷ್ಟು ಕೋಣೆಗಳಿವೆ, ಒಂದರಲ್ಲೂ ಹಗಲು ಮಲಗಲಾರೆ.

ಈ ಕಾಗದ ತಲುಪಿದ ಮರುದಿನ ನಾನು ಕನಕಪುರದ ಬಸ್ಸು ಹತ್ತುತ್ತೇನೆ. ದಿಂಬನ್ನೂ ತರುತ್ತೇನೆ. ಬರೆದದ್ದನ್ನೆಲ್ಲ ನಿನ್ನ ಮುಖ ನೋಡಿ ಬಾಯಿಬಿಟ್ಟು ಹೇಳಬೇಕು. ನಿನ್ನ ಒಂದೇ ಕೋಣೆಯ ಹೊಸ್ತಿಲಾಚೆ ನಿಂತು ಹೇಳುತ್ತೇನೆ ಶಾರದಾ, ಹೇಳಿ ಮುಗಿಸುವವರೆಗೆ ನನ್ನನ್ನು ಒಳಗೆ ಕರೆಯಬೇಡ.