ಹೇಳಿಸಬೇಡಿ ಎಂದ ಮೇಡಂ

ಅವರ ಕೊರಳಲ್ಲಿ ಎರಡು ಮೊಬೈಲು ನೇತಾಡುತ್ತಿದ್ದವು, ಒಂದು ಕೆಂಪು ದಾರದಲ್ಲಿ, ಇನ್ನೊಂದು ನೀಲಿ ದಾರದಲ್ಲಿ. ಕೆಂಪು ದಾರದ್ದು ಕೆಲಸ ಕೊಡುವವರಿಗೆ. ಅದು ಒಂದು ರಿಂಗು ಪೂರೈಸುವ ಮೊದಲೇ ಕಿವಿಗೇರುತ್ತಿತ್ತು. ನೀಲಿ ದಾರದ್ದು ಕೆಲಸ ಬೇಡುವವರಿಗೆ. ಅದು ಅವರ ಎದೆಯ ಮೇಲೆ ಬಡಿದುಕೊಂಡು ಬಡಿದುಕೊಂಡು, ಸುಸ್ತಾಗಿ, ತಾನೇ ಸುಮ್ಮನಾಗುತ್ತಿತ್ತು. ನನ್ನ ಕರೆಗಳು ಯಾವುದಕ್ಕೆ ಹೋಗುತ್ತಿದ್ದವೆಂದು ಬೇರೆ ಹೇಳಬೇಕಿಲ್ಲ.

ಹೊನ್ನಾಳಿ ಬಸ್ ಸ್ಟ್ಯಾಂಡಿನ ಹತ್ತಿರ, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಅವರ ಕಚೇರಿ. ಶಾಲೆ, ಆಸ್ಪತ್ರೆ, ಮಿಲ್ಲುಗಳಿಗೆ ಜನ ಹುಡುಕಿಕೊಡುವುದು ಉದ್ಯೋಗ. ನಮ್ಮ ಸುತ್ತಿನ ತಾಲ್ಲೂಕುಗಳಿಗೆಲ್ಲ ಅವರು ಏಜೆನ್ಸಿ ಮೇಡಂ. ಚನ್ನಗಿರಿಯ ಖಾಸಗಿ ಕಾಲೇಜೊಂದರಲ್ಲಿ ಹತ್ತೊಂಬತ್ತು ವರ್ಷ ಗ್ರಂಥಪಾಲಕನಾಗಿದ್ದೆ. ಆಡಳಿತ ಮಂಡಳಿಯವರು ಗ್ರಂಥಾಲಯ ತೆಗೆದು ಕಂಪ್ಯೂಟರ್ ಲ್ಯಾಬ್ ಮಾಡಿದರು. ನಲವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಏಪ್ರಿಲ್ ಮಧ್ಯಾಹ್ನ, ನಾನು ಆ ಮಹಡಿಯ ಮೆಟ್ಟಿಲು ಹತ್ತಿದೆ. ವಿದ್ಯಾಸಂಸ್ಥೆಗಳ ನೇಮಕಾತಿಯೆಲ್ಲ ಜೂನ್ ಒಳಗೆ ಮುಗಿಯುತ್ತದೆ. ಅದು ತಪ್ಪಿದರೆ ಒಂದು ವರ್ಷ ಮನೆಯಲ್ಲಿ ಕೂರಬೇಕು. ಆಮೇಲೆ ಐವತ್ತರ ಹತ್ತಿರದವನನ್ನು ಯಾವ ಪುಣ್ಯಾತ್ಮ ಕೇಳುತ್ತಾನೆ?

ನನ್ನ ಹನ್ನೊಂದು ಪುಟಗಳ ಬಯೋಡೇಟಾವನ್ನು ಅವರು ಅಂಗೈಯಲ್ಲಿ ತೂಗಿ ನೋಡಿದರು.

“ಲೈಬ್ರರಿ ಸಾರ್, ಇದು ಬಯೋಡೇಟಾನೋ ವಂಶಾವಳಿನೋ?”

ನನ್ನದೇ ಪೆನ್ನು ಇಸಿದುಕೊಂಡು ಹೊಡೆದು ಹಾಕುತ್ತ ಹೋದರು. ಹೈಸ್ಕೂಲಿನ ಭಾಷಣ ಸ್ಪರ್ಧೆಯ ದ್ವಿತೀಯ ಬಹುಮಾನ ನನ್ನ ಕಣ್ಣೆದುರೇ ವೀರಮರಣವನ್ನಪ್ಪಿತು.

“ನಿಮಗೆ ಏನ್ ಮಾಡಾಕೆ ಬರ್ತೈತೆ ಹೇಳ್ರಿ.”

“ಪುಸ್ತಕ ಕೊಡೋದು...”

“ಕೊಡಾಕೆ ಯಾರಿಗೆ ಬರಲ್ಲ? ಇಸ್ಕೊಂಡು ಹೋದೋರ ಕೈಯಿಂದ ವಾಪಸ್ ತರ್ಸಿದೀರೇನು?”

“ತರ್ಸಿದೀನಿ. ಪ್ರಿನ್ಸಿಪಾಲರ ಮನೆಯಿಂದಾನೂ.”

“ಹಂಗಾದ್ರೆ ಅದನ್ನ ಬರೀರಿ, ಮೊದಲ್ನೇ ಸಾಲಿಗೇ.”

ಬಯೋಡೇಟಾ ಒಂದೇ ಪುಟಕ್ಕಿಳಿಯಿತು. ಅಭ್ಯರ್ಥಿಗಳಿಂದ ಅವರು ಬಿಡಿಗಾಸೂ ಮುಟ್ಟುತ್ತಿರಲಿಲ್ಲ, ಕೊಡುವುದೆಲ್ಲ ಸಂಸ್ಥೆಯವರೇ. “ನಾನು ನಿಮ್ಮ ಕಡೆಯಾಕಿ ಅಲ್ಲ, ತಿಳ್ಕೊಳ್ರಿ. ಸರಿಯಾದೋರನ್ನ ತೋರ್ಸೋದಷ್ಟೇ ನನ್ನ ಕೆಲಸ. ಯಾರ ಪರವಾಗಿನೂ ಒಂದು ಮಾತು ಹೇಳೋಳಲ್ಲ,” ಎಂದು ಸಾರಿಬಿಟ್ಟರು. ಇಷ್ಟು ಉತ್ತೇಜನಕಾರಿಯಾದ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮೇ ತಿಂಗಳ ಮೊದಲ ವಾರ ಜಗಳೂರಿನ ಒಂದು ವಸತಿ ಶಾಲೆಗೆ ಕಳಿಸಿದರು. ಸಂದರ್ಶನ ಚೆನ್ನಾಗಿಯೇ ಆಯಿತು. ಆಮೇಲೆ ಸದ್ದಿಲ್ಲ. ಫೋನು ಮಾಡಿದೆ, ಎತ್ತಲಿಲ್ಲ. ಹೊನ್ನಾಳಿಗೇ ಹೋದೆ. “ಸುಮ್ಮನಿರ್ರಿ, ಆದಾಗ ಹೇಳ್ತೀನಿ,” ಎಂದರು. ಹನ್ನೆರಡು ದಿನ ಸುಮ್ಮನಿದ್ದೆ. ಹದಿಮೂರನೆಯ ದಿನ ಹೆಂಡತಿ ಕೇಳಿದಳು: “ಯಾರ ಕೈಲಾದ್ರೂ ಹೇಳಿಸಿದ್ರೇನ್ರೀ?”

ಹೇಳಿಸುವುದು ನಮ್ಮ ಸೀಮೆಯ ಸನಾತನ ಸಂಸ್ಕಾರ. ಆಸ್ಪತ್ರೆಯ ಮಂಚಕ್ಕೂ ಹೇಳಿಸಬೇಕು, ಬಸ್ಸಿನ ಕಿಟಕಿ ಸೀಟಿಗೂ ಹೇಳಿಸಬೇಕು. ಹೇಳಿಸದೆ ಸಿಕ್ಕಿದ್ದನ್ನು ನಾವು ಅನುಮಾನದಿಂದ ನೋಡುತ್ತೇವೆ. ನಾನು ಮೂವರ ಕೈಲಿ ಹೇಳಿಸಿದೆ: ತ್ಯಾವಣಿಗೆಯ ಸೋದರಮಾವ, ನ್ಯಾಮತಿಯ ಒಬ್ಬ ಅಡಿಕೆ ವ್ಯಾಪಾರಿ, ಮತ್ತು ಒಬ್ಬ ಮಾಜಿ ಪಂಚಾಯ್ತಿ ಮೆಂಬರು. ಮೂವರೂ ಒಂದೇ ದಿನ ಜಗಳೂರಿಗೆ ಫೋನು ಮಾಡಿದರು. ಮೆಂಬರು ಸಾಹೇಬರಂತೂ ಬೇಡುವ ಬದಲು ಅಪ್ಪಣೆಯನ್ನೇ ಕೊಟ್ಟರಂತೆ.

ಮರುದಿನ, ಇತಿಹಾಸದಲ್ಲಿ ಮೊದಲ ಬಾರಿಗೆ, ಮೇಡಂ ತಾವಾಗಿ ನನಗೆ ಫೋನು ಮಾಡಿದರು. “ಈಗಿಂದೀಗ ಬರ್ರಿ.”

ಹೋದೆ. ಕೂರಲು ಹೇಳಲಿಲ್ಲ.

“ಶಾಲೆ ಸೆಕ್ರೆಟರಿ ಏನು ಕೇಳಿದ್ರು ಗೊತ್ತೇನ್ರೀ? ‘ನೀವು ಲೈಬ್ರರಿಯನ್ ಕಳ್ಸೀರೋ, ಎಲೆಕ್ಷನ್‌ಗೆ ನಿಂತೋರನ್ನ ಕಳ್ಸೀರೋ? ಇಷ್ಟು ಜನ ಹೇಳಬೇಕಂದ್ರೆ ಈ ಮನುಷ್ಯನಾಗೆ ಏನೋ ಐಬು ಐತೆ,’ ಅಂದ್ರು. ನಿಮ್ದು ಸೋಮವಾರಾನೇ ಆಗಿತ್ರೀ! ಸಹಿ ಹಾಕಾಕೆ ಚೇರ್ಮನ್ರು ಊರಾಗಿರ್ಲಿಲ್ಲ, ಅಷ್ಟೇ.”

ನನಗೂ ರೇಗಿತು. “ಆಗಿತ್ತಂದ್ರೆ ಒಂದು ಮಾತು ಹೇಳಾಕೆ ಏನಾಗಿತ್ರೀ ನಿಮ್ಗೆ? ಹದಿಮೂರು ದಿನ! ಸತ್ತೋರ ಸೂತಕಾನೂ ಅಷ್ಟೊತ್ತಿಗೆ ಕಳೀತೈತೆ!”

“ಸಹಿ ಆಗ್ದೆ ನಾನು ಹೇಳಲ್ಲ. ಹೇಳಿ, ಆಗ್ದೆ ಹೋದ್ರೆ ಎಷ್ಟು ಜನ ಇಲ್ಲಿ ಕುಂತು ಅತ್ತಾರೆ, ನಿಮಗೇನು ಗೊತ್ತು?” ಎಂದವರು ಮೇಜಿನ ಮೇಲೆ ಕೈ ಬಡಿದರು. “ಮೂರೂ ಜನಕ್ಕೆ ಫೋನ್ ಹಚ್ಚಿ, ಇನ್ಮ್ಯಾಗೆ ಜಗಳೂರಿಗೆ ಮಾತಾಡಬ್ಯಾಡ್ರಿ ಅನ್ರಿ. ಇಲ್ಲೇ, ನನ್ನ ಮುಂದೆ.”

ಮಾಡಿದೆ. ಸೋದರಮಾವ ಇಂದಿಗೂ ಮದುವೆ ಮನೆಗಳಲ್ಲಿ ನನ್ನ ಪಕ್ಕದ ಎಲೆಗೆ ಕೂರುವುದಿಲ್ಲ.

ಮನೆಗೆ ಬಂದು ಹೆಂಡತಿಗೆ ಕೆಲಸ ಹೋಯಿತೆಂದೇ ಹೇಳಿದೆ. ಐದನೆಯ ದಿನ ಆದೇಶ ಬಂತು. ಹೇಗೆ ಬಂತೆಂದು ಮೇಡಂ ಹೇಳಲಿಲ್ಲ. ಕೇಳಿದರೆ, “ಬಂತಲ್ಲ, ಹೋಗಿ ಸೇರ್ಕೊಳ್ರಿ,” ಎಂದರು.

ಜಗಳೂರಿನಲ್ಲಿ ಎರಡು ವರ್ಷ ಕಳೆದ ಮೇಲೆ, ಪುಸ್ತಕಗಳ ಎಣಿಕೆ ನಡೆದಿದ್ದಾಗ, ಸೆಕ್ರೆಟರಿಯವರು ಮಾತಿಗೆ ಮಾತು ಬಂದು ಬಾಯಿಬಿಟ್ಟರು. “ನಿಮ್ಮ ಹೆಸರು ಹೊಡೆದು ಹಾಕಿದ್ವಿ ಸಾರ್. ಆ ಮೇಡಂ ಬಸ್ ಹಿಡ್ಕೊಂಡು ಇಲ್ಲಿಗೇ ಬಂದ್ರು. ‘ತಪ್ಪು ನಂದು, ಮನುಷ್ಯನ್ನ ಕತ್ತಲಾಗಿಟ್ಟೆ, ಹೆದರಿಕೊಂಡ. ಅವನು ಸರಿ ಬರ್ಲಿಲ್ಲ ಅಂದ್ರೆ ನಿಮ್ಮ ಶಾಲೆಗೆ ನನ್ನ ಕಡೆಯಿಂದ ಇನ್ನೊಬ್ಬರನ್ನ ಕರ್ಕೋಬ್ಯಾಡ್ರಿ,’ ಅಂದ್ರು. ಅವರು ಹಂಗೆ ಯಾರ ಪರವಾಗಿ ಹೇಳಿದ್ದೂ ನಾನು ಕೇಳಿಲ್ಲ.”

ಅಂದರೆ ನಾಲ್ಕನೆಯವರೂ ಹೇಳಿದ್ದರು. ಅದನ್ನು ಮಾತ್ರ ನಾನು ಹೇಳಿಸಿರಲಿಲ್ಲ.

ಆ ಭಾನುವಾರವೇ ಕೈಮುಗಿದು ಬರೋಣವೆಂದು ಹೊನ್ನಾಳಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮೇಡಂ ಸೊರಗಿಹೋಗಿದ್ದರು, ದನಿ ಮಾತ್ರ ಹಾಗೇ ಇತ್ತು.

“ಏನ್ರೀ, ಕೆಲಸ ಬಿಟ್ರೇನು?”

“ಇಲ್ಲ ಮೇಡಂ. ಸೆಕ್ರೆಟರಿಯವರು ಎಲ್ಲಾ ಹೇಳಿದ್ರು. ಅದಕ್ಕೇ...”

“ಕೆಲಸ ಐತಲ್ಲ? ಹೊರಗೆ ಇಲ್ದೋರು ಕುಂತಾರೆ. ಕುರ್ಚಿ ಬಿಡ್ರಿ.”

ಜೋಡಿಸಿಕೊಂಡಿದ್ದ ಮಾತಿನಲ್ಲಿ ಮೊದಲ ವಾಕ್ಯವೂ ಮುಗಿಯಲಿಲ್ಲ. ಬೈಸಿಕೊಂಡು ಮೆಟ್ಟಿಲಿಳಿದೆ. ನಾಲ್ಕು ತಿಂಗಳಿಗೆ ಅವರು ತೀರಿಹೋದ ಸುದ್ದಿ ಬಂತು. ಒಂದು ಕೃತಜ್ಞತೆಯನ್ನೂ ನೆಟ್ಟಗೆ ಹೇಳಿಸಿಕೊಳ್ಳದ ಆ ಹೆಂಗಸಿನ ಮೇಲೆ ನನಗೆ ಇನ್ನೂ ಸಿಟ್ಟಿದೆ.