ಪೈಪಿನ ಕೀಲು ಕಾದ ನಾಯಿ

ಕ್ರಿಸಾಂತೊ ಡೀಯ ಮುತ್ತಜ್ಜ ಮನಿಲಾದ ಬಿನೊಂಡೊ ಕಾಲುವೆಯಿಂದ ಹೆಗಲ ಅಡ್ಡೆಯಲ್ಲಿ ನೀರು ಹೊತ್ತು ಬೆಂಕಿ ಆರಿಸಿದವನು. ಅಜ್ಜ ಕೈಪಂಪು ಒತ್ತಿ ಒತ್ತಿ ಬೆನ್ನು ಬಾಗಿಸಿಕೊಂಡ. ಅಪ್ಪ ಉರಿಯುವ ಮಹಡಿಯಿಂದ ಅಕ್ಕಿ ವ್ಯಾಪಾರಿಯ ಮುದಿ ತಾಯಿಯನ್ನು ಬೆನ್ನ ಮೇಲೆ ಇಳಿಸಿ ತಂದ; ಅವನ ಸುಟ್ಟ ಹುಬ್ಬು ಮತ್ತೆ ಮೂಡಲೇ ಇಲ್ಲ. ಸಂಬಳವಿಲ್ಲದ ಕೆಲಸ. ನಮ್ಮ ಚೀನೀ ಕೇರಿಯ ಅಂಗಡಿಯವರೇ ಕಟ್ಟಿಕೊಂಡ ದಳ. ನಾನೂ ಅದರಲ್ಲಿ ಪೈಪು ಎಳೆದವನೇ. ಕ್ರಿಸಾಂತೊ ದಳದ ಪಂಪಿನ ಲಾರಿ ಓಡಿಸುತ್ತಿದ್ದ.

ದಳಕ್ಕೆ ತಾಹೋ ಎಂಬ ಬಿಳಿ ನಾಯಿಯಿತ್ತು. ಲಾರಿಯ ಬಾಗಿಲ ಮೇಲೆ ಅದರದೇ ಚಿತ್ರ ಬರೆಸಿದ್ದೆವು. ಮನಿಲಾದಲ್ಲಿ ಬೆಂಕಿ ಬಿದ್ದರೆ ಜನ ಪೈಪು ಕಿತ್ತು ತಂತಮ್ಮ ಮನೆಯತ್ತ ತಿರುಗಿಸಿಕೊಳ್ಳುತ್ತಾರೆ. ಎರಡು ಪೈಪು ಕೂಡುವ ಕೀಲು ಬಿಚ್ಚಿಕೊಂಡರೆ ಮುಂದೆ ಹೊಗೆಯಲ್ಲಿರುವವನ ಕಥೆ ಮುಗಿಯಿತು. ಆ ಕೀಲಿನ ಕಾವಲು ತಾಹೋದು. ಕ್ರಿಸಾಂತೊ ತಲೆ ಮುಟ್ಟಿ ಕೂರಿಸಿದರೆ, ಅವನೇ ಬಂದು ಮುಟ್ಟುವ ತನಕ ಅದು ಏಳದು, ಬೇರೆ ಯಾರನ್ನೂ ಹತ್ತಿರ ಬಿಡದು. ಹಾಗೆ ಕಲಿಸಿದ್ದ.

"ನಿನ್ನ ಹೆಂಡ್ತಿನೂ ನಿನ್ನ ಮಾತು ಇಷ್ಟು ಕೇಳಲ್ಲ, ಅಹಿಯಾ," ಎಂದು ಕಿರಿಯ ಡೊಂಗ್ ಕೆಣಕುತ್ತಿದ್ದ. ಅಹಿಯಾ ಎಂದರೆ ನಮ್ಮಲ್ಲಿ ಅಣ್ಣ.

"ಅವಳಿಗೆ ನಾನು ಹಂದಿ ಮೂಳೆ ಹಾಕಲ್ವಲ್ಲೋ."

ಬಟ್ಟೆ ಗೋದಾಮು ಹೊತ್ತಿಕೊಂಡ ಮಧ್ಯಾಹ್ನ ಕ್ರಿಸಾಂತೊ ತಾಹೋವನ್ನು ಗೋದಾಮಿನ ಗೋಡೆಯ ಪಕ್ಕ, ಕೀಲಿನ ಬಳಿ ಕೂರಿಸಿದ. ಅಷ್ಟರಲ್ಲಿ ಕಾಲುವೆಯ ಬಳಿ ನಿಲ್ಲಿಸಿದ್ದ ಲಾರಿಯ ಪಂಪು ಕೈಕೊಟ್ಟಿತು, ಅತ್ತ ಓಡಿದ. ಗಾಳಿ ತಿರುಗಿತು, ಗೋಡೆ ಬಿರುಕು ಬಿಟ್ಟಿತು. ಎಲ್ಲರೂ ಕೂಗಿದೆವು. ಎಳೆದುಕೊಳ್ಳಲು ಹೋದ ಡೊಂಗ್ ಕೈ ಕಚ್ಚಿಸಿಕೊಂಡ. ನಾಯಿ ಲಾರಿಯ ದಿಕ್ಕನ್ನೇ ನೋಡುತ್ತ ಕೂತಿತ್ತು. ಕ್ರಿಸಾಂತೊ ಓಡಿ ಬರುವ ಮೊದಲೇ ಗೋಡೆ ಅದರ ಮೇಲೆ ಬಿತ್ತು.

ಅವನು ಅಳಲಿಲ್ಲ. ಪೈಪುಗಳನ್ನು ತೊಳೆದು ಒಣಹಾಕಿದ. ಮನೆಗೆ ಹೋಗಿ ಗಂಜಿ ಕುಡಿದ. ಮರುದಿನ ಲಾರಿ ಒರೆಸಿದ. ಚಕ್ರ ಒರೆಸಿದ ಚಿಂದಿಯಲ್ಲೇ ಬಾಗಿಲಿನ ಚಿತ್ರದ ಮೇಲಿನ ಮಸಿಯನ್ನೂ ಒರೆಸಿದ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಅಷ್ಟೆ.

ಕೆಲವು ವಾರ ಕಳೆದ ಮೇಲೆ ದಳದ ಹಿರಿಯ ಸೆವೆರಿನೊ ಉಯ್ ಒಂದು ನಾಯಿಮರಿಯನ್ನು ಕಂಕುಳಲ್ಲಿ ಹಿಡಿದು ಬಂದ.

"ಕಿವಿ ನೋಡೋ ಇದರದ್ದು. ನೀನು ಕಲಿಸಿದ್ರೆ ಕಲಿಯತ್ತೆ. ಬೇಡ್ವಾ? ಕೀಲು ಕಾಯೋಕೆ ಇಬ್ರು ಆಳು ಕೊಡ್ತೀನಿ, ತಗೋ."

ಕ್ರಿಸಾಂತೊ ಮರಿಯನ್ನು ಮುಟ್ಟಲಿಲ್ಲ.

"ಮರಿನ ಮೊಮ್ಮಕ್ಕಳಿಗೆ ಕೊಡಿ, ಅಹಿಯಾ. ಆಳೂ ಬೇಡ. ಇಲ್ಲಿ ಕೂತ್ಕೋ ಅಂತ ಇನ್ಯಾರಿಗೂ ಹೇಳಕ್ಕಾಗಲ್ಲ ನನಗೆ. ಲಾರಿ ಡೊಂಗ್ ಓಡಿಸ್ಲಿ. ಕೀಲಿನ ಹತ್ರ ನಾನೇ ಕೂತ್ಕೋತೀನಿ."